ಜಾಡಿಗೆ ಮಾತ್ರ ಸುಳ್ಳು ಹೇಳದವರು

ಹೆಬ್ಬಾಳದ ಹತ್ತಿರದ ಸಿಂಗಾಪುರದ ನಮ್ಮ ಅಡ್ಡರಸ್ತೆಯಲ್ಲಿ ಉಪ್ಪಿನಕಾಯಿ ಹಾಕಬೇಕೆಂದವರು ಮೊದಲು ಮಾವಿನಕಾಯಿ ತರುತ್ತಿರಲಿಲ್ಲ. ಮೂಲೆಮನೆಯ ಅಕ್ಕನಿಗೆ ಆ ದಿನ ಬಿಡುವಿದೆಯೇ ಎಂದು ಕೇಳಿಕೊಂಡು ಬಂದ ಮೇಲೇ ಕಾಯಿ, ಕಲ್ಲುಪ್ಪು, ಎಳ್ಳೆಣ್ಣೆ ಎಲ್ಲ. ಅಕ್ಕ ತೀರಿಕೊಂಡ ಮೇಲೆ ಇದು ಎರಡನೆಯ ಬೇಸಿಗೆ. ಮೊನ್ನೆ ಹೆಸರಘಟ್ಟದ ಕಡೆಯಿಂದ ನಾಟಿ ಕಾಯಿ ತರುವ ಗಾಡಿಯವನು ಗೇಟಿನ ಮುಂದೆ ನಿಂತು, "ಏನಮ್ಮಾ, ಈ ವರ್ಷನೂ ಬೇಡ್ವಾ? ಈ ರೋಡಲ್ಲಿ ಉಪ್ಪಿನಕಾಯಿ ತಿನ್ನೋದೇ ಬಿಟ್ಬಿಟ್ರಾ ಎಲ್ರೂ?" ಎಂದ. ತಿನ್ನುವುದನ್ನು ಬಿಟ್ಟಿಲ್ಲ ಕಣಪ್ಪ, ಅಂಗಡಿಯದು ತಿನ್ನುತ್ತಿದ್ದೇವೆ ಎಂದೆ. ಅವನು ಗಾಡಿ ತಳ್ಳಿಕೊಂಡು ಹೋದ. ನಾನು ಒಳಗೆ ಬಂದು, ಅಕ್ಕ ಎಂಥವರಾಗಿದ್ದರು ಎಂದು ಒಮ್ಮೆ ಬರೆದಿಡಬೇಕು ಅಂದುಕೊಂಡೆ.

ಹೆಸರು ಬರೆಯುವುದಿಲ್ಲ. ಅವರ ಹೆಸರು ನನಗೆ ತಿಳಿದದ್ದೇ ಆಸ್ಪತ್ರೆಯಲ್ಲಿ ನರ್ಸು ಜೋರಾಗಿ ಕೂಗಿದಾಗ. ಅಕ್ಕನೂ ತಕ್ಷಣ ಏಳಲಿಲ್ಲ. ಯಾರನ್ನೋ ಕರೆಯುತ್ತಿದ್ದಾರೆ ಎಂದು ಅತ್ತಿತ್ತ ನೋಡಿದರು. ಆಮೇಲೆ "ಓ, ನಾನೇ ಅಲ್ವಾ" ಎಂದು ಎದ್ದರು. ಬೀದಿಯಲ್ಲಿ ಎಲ್ಲರಿಗೂ ಅಕ್ಕ, ಮೊಮ್ಮಕ್ಕಳ ವಯಸ್ಸಿನವರಿಗೂ ಅಕ್ಕ.

ಅವರು ಹಳೇ ಊರಿನವರು. ನಮ್ಮ ಲೇಔಟು ಎದ್ದಿರುವುದು ಅವರ ಹೊಲದ ಮೇಲೆ. "ನೀನ್ ಮಲಗೋ ರೂಮೈತಲ್ಲ, ಅಲ್ಲಿ ನಾವು ಅವರೆ ಬಿತ್ತಿದ್ವಿ" ಎಂದು ಒಂದು ಸಲ ಹೇಳಿದ್ದರು. ಆ ಮಾತಿನಲ್ಲಿ ಕೊರಗು ಇರಲಿಲ್ಲ, ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಹೇಳಿದ ಹಾಗಿತ್ತು. ನಾವು ಗೃಹಪ್ರವೇಶ ಮಾಡಿಕೊಂಡು ಬಂದ ವಾರ, ನಾನು ಅಡುಗೆಮನೆಯಲ್ಲಿ ಸಾರಿನಪುಡಿಗೆ ಹುರಿಯುತ್ತಿದ್ದೆ. ಹೊರಗಿನಿಂದ ಒಂದು ದನಿ ಬಂತು: "ಒಸಬ್ರಾ? ನಿಮ್ಮ ಮೆಂತ್ಯ ಸೀದೋಗ್ತಾ ಐತೆ ಕಣವ್ವ!" ಓಡಿಹೋಗಿ ಬಾಣಲೆ ನೋಡಿದೆ. ಇನ್ನೂ ಸೀದಿರಲಿಲ್ಲ. ಇನ್ನು ಎರಡು ಕ್ಷಣ ಬಿಟ್ಟಿದ್ದರೆ ಸೀಯುತ್ತಿತ್ತು. ಗೇಟಿನ ಹತ್ತಿರ ಗಿಡ್ಡನೆಯ ಹೆಂಗಸೊಬ್ಬರು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಅಂಗೈ ಅಗಲ, ಬೆರಳ ಸಂದುಗಳಲ್ಲಿ ಅರಿಶಿನ. ಅದೇ ನಮ್ಮ ಮೊದಲ ಭೇಟಿ.

ಆ ಮೂಗಿನ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಕತೆಗಳಿದ್ದವು. ಹೊಸ್ತಿಲಲ್ಲಿ ನಿಂತೇ ಯಾರ ಮನೆಯ ಹೆಸರುಬೇಳೆಗೆ ಹುಳ ಬಿದ್ದಿದೆ, ಯಾರ ಮನೆಯ ಇಂಗು ಹಿಟ್ಟು ಬೆರೆಸಿದ್ದು ಎಂದು ಹೇಳಿಬಿಡುತ್ತಿದ್ದರು. ಎದುರುಮನೆಯ ನಸೀಮಾ ಆಪಾ ಬಿರಿಯಾನಿಗೆ ದಮ್ ಕಟ್ಟಿದ ದಿನ ಅಕ್ಕ ರಸ್ತೆಯಲ್ಲೇ ನಿಂತು, "ಆಪಾ, ಇಳಿಸು, ಆಯ್ತು" ಎಂದು ಕೂಗುತ್ತಿದ್ದರು. ಅಕ್ಕ ಮಾಂಸ ತಿನ್ನುವುದು ಬಿಟ್ಟು ಬಹಳ ಕಾಲವಾಗಿತ್ತು, ಆದರೂ ಆಪಾ ಇಳಿಸುತ್ತಿದ್ದರು. ಆಪಾ ವಯಸ್ಸಿನಲ್ಲಿ ಅಕ್ಕನಿಗಿಂತ ಎಷ್ಟೋ ಚಿಕ್ಕವರು. ಆಪಾ ಇವರನ್ನು ಅಕ್ಕಾ ಎಂದು, ಇವರು ಅವರನ್ನು ಆಪಾ ಎಂದು, ಇಬ್ಬರೂ ಒಬ್ಬರನ್ನೊಬ್ಬರು ದೊಡ್ಡವರನ್ನಾಗಿ ಮಾಡಿಕೊಂಡಿದ್ದರು.

ಉಪ್ಪಿನಕಾಯಿಗೆ ಅಳತೆ ಕೇಳಿದರೆ ಅಕ್ಕನಿಗೆ ಆಗುತ್ತಿರಲಿಲ್ಲ. "ಎಷ್ಟು ಉಪ್ಪು ಅಕ್ಕಾ?" ಎಂದರೆ "ಕಾಯಿ ಕೇಳ್ದಷ್ಟು." "ಎಷ್ಟು ಖಾರ?" ಎಂದರೆ "ನಿನ್ ಗಂಡ ಅಳದಿರೋವಷ್ಟು." ಎಲ್ಲ ಸೇರಿಸಿ, ತೋಳು ಮೇಲಕ್ಕೇರಿಸಿ, ಜಾಡಿಯೊಳಗೆ ಕೈಯಿಟ್ಟು ತಳದಿಂದ ತಿರುವುತ್ತಿದ್ದರು. ಸೌಟು ಹಾಕಬಾರದು, ಕೈಯೇ ಆಗಬೇಕು. ಅದು ಅವರ ಪದ್ಧತಿ. ಅವರ ಕೈಯಿಂದ ಹಾಕಿದ್ದು ಎರಡು ವರ್ಷ ಇಟ್ಟರೂ ಬೂಸಲು ಬರುತ್ತಿರಲಿಲ್ಲ.

ಆ ಕೈ ಅವರಿಗೆ ಸುಲಭಕ್ಕೆ ಬಂದದ್ದಲ್ಲ. ಹೊರಗಾದ ಹೆಂಗಸು ಉಪ್ಪಿನಕಾಯಿ ಮುಟ್ಟಿದರೆ ಕೆಡುತ್ತದೆ ಎನ್ನುವುದು ನಮ್ಮ ಅಮ್ಮಂದಿರ ಮನೆಗಳಲ್ಲೂ ಇದ್ದ ನಂಬಿಕೆಯೇ. ಅಕ್ಕನ ಅತ್ತೆ ಅದನ್ನು ಇನ್ನೂ ಬಿಗಿ ಮಾಡಿದ್ದರು. ಮುಟ್ಟು ನಿಲ್ಲುವವರೆಗೂ ಸೊಸೆ ಜಾಡಿಗೆ ಕೈ ಹಾಕುವ ಹಾಗೇ ಇಲ್ಲ, ತಿಂಗಳ ಯಾವ ದಿನವೂ. ಅಕ್ಕ ಮದುವೆಯಾಗಿ ಬಂದು, ಹೆತ್ತು, ಮಕ್ಕಳಿಗೆ ಮದುವೆ ಮಾಡುವವರೆಗೂ ಕಾಯಿ ಹೆಚ್ಚುವುದು, ಸಾಸಿವೆ ಕುಟ್ಟುವುದು, ಜಾಡಿ ತೊಳೆದು ಬಿಸಿಲಿಗಿಡುವುದು, ಇಷ್ಟೇ ಅವರ ಪಾಲು.

"ನಂಗ್ ನಿಂತ್ಮೇಲೂ ಒಂದೊರ್ಸ ಕಾದ್ಲು ಕಣವ್ವ ನಮ್ಮತ್ತೆ. ಎಲ್ಲಾರ ಮತ್ತೆ ಬಂದ್ಬುಟ್ಟಾತು ಅಂತ. ಆಮ್ಯಾಕ್ ಒಂದಿನ ನನ್ ಕೈ ಇಡ್ಕೊಂಡು ಮೊಣಕೈಗಂಟ ಜಾಡಿಯೊಳಕ್ಕೆ ತುರುಕ್ಬುಟ್ಲು. ಇನ್ಮ್ಯಾಕೆ ಜಾಡಿ ನಿಂದು ಅಂದ್ಲು. ಉರಿ ಅಂದ್ರೆ ಉರಿ! ನಾನು ನಗ್ತಾನೇ ಇದ್ದೆ."

ಇದನ್ನು ಹೇಳುವಾಗಲೆಲ್ಲ ಅವರು ಬಲಗೈಯನ್ನು ಸ್ವಲ್ಪ ಮೇಲೆತ್ತಿ ನೋಡಿಕೊಳ್ಳುತ್ತಿದ್ದರು. ಅತ್ತೆ ಸತ್ತ ಮೇಲೆ ಬೀದಿಯ ಎಲ್ಲ ಮನೆಗಳ ಜಾಡಿಯೂ ಅವರದೇ ಆಯಿತು. ಕೂಲಿ ಅಂತ ಯಾರೂ ಕೊಡುತ್ತಿರಲಿಲ್ಲ, ಅವರೂ ಕೇಳುತ್ತಿರಲಿಲ್ಲ. ಕರೆಯದಿದ್ದರೆ ಮಾತ್ರ ಮುನಿಸು.

ಒಂದು ಬೇಸಿಗೆ ನಮ್ಮ ಹಿತ್ತಿಲಲ್ಲಿ ಕಾಯಿ ಹರಡಿಕೊಂಡು ಕೂತಿದ್ದೆವು. ಆಪಾನೂ ಬಂದಿದ್ದರು. ಅಕ್ಕ ಬಂದರು, ಬಲಗೈಗೆ ಹಳೇ ಪಂಚೆಯ ಚೂರು ಸುತ್ತಿಕೊಂಡು. ದೂರದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು.

"ಬಿಸಿಯೆಣ್ಣೆ ಬಿತ್ತು. ನೀವೇ ಕಲಸ್ರಿ, ನಾನು ಯೋಳ್ತೀನಿ."

"ತೋರ್ಸಿ ಅಕ್ಕಾ, ಮುಲಾಮು ಹಚ್ತೀನಿ" ಎಂದು ಆಪಾ ಎದ್ದರು.

"ಬ್ಯಾಡ ಬುಡು, ತಾಯೀ. ನೀನ್ ಉಪ್ಪು ನೋಡು. ಇನ್ನೊಂದಿಡಿ ಆಕು. ನಿನ್ನ ಇಡಿ ಅಲ್ಲ, ನನ್ನ ಇಡಿ!"

ನಾವು ನಕ್ಕೆವು, ನಾನೇ ಕಲಸಿದೆ. ಸಂಜೆ ಹಾಲು ತರಲು ಹೋಗುವಾಗ ನೋಡಿದರೆ ಅಕ್ಕ ತಮ್ಮ ಮನೆಯ ಮುಂದೆ ಒದ್ದೆ ಸೀರೆ ಹಿಂಡುತ್ತಿದ್ದರು. ಬರಿಗೈ, ಒಂದು ಗುಳ್ಳೆಯೂ ಇಲ್ಲ. ನನ್ನನ್ನು ನೋಡಿ ಸೀರೆಯ ಹಿಂದೆ ಕೈ ಮರೆಮಾಡಿಕೊಂಡರು.

ನನಗೆ ಇದು ತಲೆಯಲ್ಲಿ ಕೊರೆಯತೊಡಗಿತು. ಅಷ್ಟು ಆಸೆಪಟ್ಟು ಪಡೆದ ಜಾಡಿಗೆ ಕೈ ಹಾಕಲು ಯಾಕೆ ಒಲ್ಲೆ ಎನ್ನುತ್ತಾರೆ? ವಯಸ್ಸಾಯಿತು, ಪುಕ್ಕಟೆ ದುಡಿದು ಬೇಜಾರಾಗಿರಬೇಕು ಅಂದುಕೊಂಡೆ. ಆಪಾಗೆ, ನಮ್ಮ ಮೇಲೆ ಏನೋ ಕೋಪ ಇರಬೇಕು ಅನಿಸಿತ್ತು. "ಬಕ್ರೀದ್‌ಗೆ ನಾನು ಶೀರ್‌ಖುರ್ಮಾ ಕಳ್ಸಿಲ್ಲ, ಅದಕ್ಕೇ ಇರ್ಬೋದು." "ಆ ಶಾವಿಗೆ ಪಾಯಸ ರಂಜಾನ್‌ದಲ್ವಾ?" ಎಂದೆ. "ಅದೇ ಮತ್ತೆ, ಅಕ್ಕಂಗೆ ಎರಡಕ್ಕೂ ಬೇಕು" ಎಂದರು ಆಪಾ. ಇಬ್ಬರ ಊಹೆಯೂ ದಾರಿ ತಪ್ಪಿತ್ತು.

ಆ ವರ್ಷವೆಲ್ಲ ಅಕ್ಕನಲ್ಲಿ ಇನ್ನೂ ಕೆಲವು ಹೊಸ ಅಭ್ಯಾಸಗಳು ಕಂಡವು. ದಿನಕ್ಕೆ ಎರಡು ಸಲ ಸ್ನಾನ. ಹತ್ತಿರ ಬಂದರೆ ಗಂಧದ ಸೋಪಿನ ವಾಸನೆ ಗಮ್ಮೆನ್ನುವುದು. ಅವರ ಮನೆಯಲ್ಲಿ ಹೊತ್ತಲ್ಲದ ಹೊತ್ತಲ್ಲಿ ಊದುಬತ್ತಿ. ನಮ್ಮ ಮನೆಗೆ ಬಂದರೆ ಸೋಫಾದಲ್ಲಿ ಕೂರುತ್ತಿರಲಿಲ್ಲ, ನಿಂತೇ ಮಾತಾಡಿ ಹೋಗುತ್ತಿದ್ದರು. ಕುಂಡದಲ್ಲಿ ಲೋಳೆಸರ ನೆಟ್ಟರು. ಕೇಳಿದರೆ, "ಉಷ್ಣ ಆಗೈತೆ ಕಣವ್ವ, ಸೊಂಟ ಇಡ್ಕೊಂಡೈತೆ." ಉಷ್ಣ ಎಂದರೆ ನಮಗೆಲ್ಲರಿಗೂ ಮದ್ದು ಗೊತ್ತು. ಒಬ್ಬರು ಮೆಂತ್ಯ ನೆನೆಸಿದ ನೀರು ಹೇಳಿದರು, ಒಬ್ಬರು ಎಳನೀರು. ನಾನು ಸಬ್ಬಕ್ಕಿ ಗಂಜಿ ಮಾಡಿ ಡಬ್ಬಿಯಲ್ಲಿ ಕಳಿಸಿದೆ. ಅಕ್ಕ ಎಲ್ಲವನ್ನೂ ಕುಡಿದರು. ಮುಖ್ಯರಸ್ತೆಯ ಕ್ಲಿನಿಕ್ಕಿಗೂ ಹೋಗಿಬಂದರು. ಅಲ್ಲಿ ಸೊಂಟನೋವು ಎಂದರಂತೆ. ಹಚ್ಚಲು ಕ್ರೀಮು, ನುಂಗಲು ಕ್ಯಾಲ್ಸಿಯಂ ಮಾತ್ರೆ ಕೊಟ್ಟರಂತೆ.

ಮುಂದಿನ ಬೇಸಿಗೆ ಬಂತು. ರಂಜಾನ್ ತಿಂಗಳು, ಮೊದಲ ಕಾಯಿ. ಮತ್ತೆ ನಮ್ಮ ಹಿತ್ತಿಲು. ನಾನು ಕಾಯಿ ಹೆಚ್ಚುತ್ತಿದ್ದೆ. ಅಕ್ಕ ಈ ಸಲ ಕೈಗೆ ಬಟ್ಟೆ ಸುತ್ತಿರಲಿಲ್ಲ, ಆದರೆ ಅದೇ ಕಲ್ಲಿನ ಮೇಲೆ ಕೂತಿದ್ದರು. ತುಂಬಾ ಇಳಿದುಹೋಗಿದ್ದರು, ಬಳೆಗಳು ಮೊಣಕೈಯವರೆಗೆ ಜಾರುತ್ತಿದ್ದವು. ಆಪಾಗೆ ನಾನು ಕೊಟ್ಟ ಟೀಯನ್ನು ಅವರು ಕುಡಿಯುವುದನ್ನು ನೋಡಿ ಅಕ್ಕ ಕೇಳಿದರು:

"ಇವತ್ತು ಒಂದೊತ್ತು ಇಲ್ವಾ ಆಪಾ?"

"ಇಲ್ಲ ಅಕ್ಕಾ, ನಂಗಿವತ್ತು ರಜಾ" ಎಂದು ಆಪಾ ಕಣ್ಣು ಮಿಟುಕಿಸಿದರು.

"ಅಂಗಾದ್ರೆ ಜಾಡಿ ಹತ್ರ ಬರ್ಬ್ಯಾಡ, ಆ ಕಡೆ ಸರ್ಕೋ."

"ಅರೆ, ಸರ್ಕೊಂಡೆ. ಇವ್ರು ಹೆಚ್ತಾ ಕೂತಿದಾರೆ, ಕಲಸೋದ್ಯಾರು? ಎದ್ದು ಬನ್ನಿ, ನೀವೇ ಕಲಸಿ. ಸಾಕು ಮಹಾರಾಣಿ ತರ ಕೂತಿದ್ದು."

"ನಾನೂ ಕಲಸಂಗಿಲ್ಲ ಕಣೇ."

ಮಾತು ಬಾಯಿಂದ ಬಿದ್ದ ಮೇಲೆ ಅಕ್ಕ ತುಟಿ ಕಚ್ಚಿಕೊಂಡರು. ನನ್ನ ಕತ್ತಿ ನಿಂತಿತು. ಆಪಾ ಲೋಟ ಕೆಳಗಿಟ್ಟರು.

"ಯಾಕೆ ಅಕ್ಕಾ? ನಿಮ್ದು ನಿಂತು ಎಷ್ಟ್ ವರ್ಷ ಆಯ್ತು?"

"ಅದೆಲ್ಲ ಯಾಕ್ ಬುಡವ್ವ."

"ಹೇಳಿ."

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತರು. "ವಾಪಸ್ ಬಂದೈತೆ. ಓದ್ವರ್ಷ ಕಾಯಿ ಕಾಲ್ದಿಂದ. ಒಂದಿನ ಕಾಣಿಸ್ತದೆ, ನಾಕ್ ದಿನ ಇರಕಿಲ್ಲ, ಮತ್ತೆ ಕಾಣಿಸ್ತದೆ. ಮೊಮ್ಮಕ್ಕಳು ಎತ್ತರಕ್ ಬೆಳ್ದವ್ರೆ, ನಾನಿನ್ನೂ ಒರಗಾಗ್ತಾ ಇವ್ನಿ ಅಂತ ಯಾರ್ತಾವ ಯೋಳ್ಳಿ? ಸೊಸೆ ಏನ್ ಅಂದ್ಕೊತಾಳೆ?"

ಹಾಗಾದರೆ ಇದು ಕತೆ. ಬಿಸಿಯೆಣ್ಣೆಯ ಸುಳ್ಳು ನಮಗೆ, ಉಷ್ಣದ ಸುಳ್ಳು ಬೀದಿಗೆ, ಸೊಂಟನೋವಿನ ಸುಳ್ಳು ಡಾಕ್ಟರಿಗೆ. ಯಾರಿಗೂ ಗೊತ್ತಾಗದ ಹಾಗೆ ಕೈ ಹಾಕಿ ಕಲಸಿಬಿಟ್ಟಿದ್ದರೆ ನಮಗೆ ಅನುಮಾನವೇ ಬರುತ್ತಿರಲಿಲ್ಲ. ಆದರೆ ಜಾಡಿಗೆ ಮೋಸ ಮಾಡಲು ಅವರಿಂದ ಆಗಲಿಲ್ಲ. ಅತ್ತೆ ಕೊಟ್ಟ ಕೈಯನ್ನು ಒಂದು ವರ್ಷ ತಾವೇ ಹಿಂದಕ್ಕೆ ಇಟ್ಟುಕೊಂಡಿದ್ದರು.

ಆಪಾ ಎದ್ದುಹೋಗಿ ಅಕ್ಕನ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಅಕ್ಕಾ, ಅದು ಮುಟ್ಟಲ್ಲ. ಬೀಮಾರಿ ಅದು. ನಮ್ದ್ರಲ್ಲಿ ಚಿಕ್ ವಯಸ್ಸಲ್ಲೇ ಅಮ್ಮೀ ಹೇಳ್ಕೊಡ್ತಾರೆ. ತಿಂಗಳ ರಕ್ತ ಬೇರೆ, ಕಾಯಿಲೆ ರಕ್ತ ಬೇರೆ. ತಿಂಗಳದ್ದು ಬಂದ್ರೆ ನಮಾಜ್ ಇಲ್ಲ, ರೋಜಾ ಇಲ್ಲ. ಕಾಯಿಲೇದು ಬಂದ್ರೆ ನಮಾಜ್ ಬಿಡಂಗಿಲ್ಲ, ತೊಳ್ಕೊಂಡು, ಕೈಕಾಲು ಮುಖಕ್ಕೆ ನೀರು ಹಾಕಿ ವಜೂ ಮಾಡಿ ಓದ್ಲೇಬೇಕು. ಪೂರಾ ನಿಂತು ವರ್ಷಗಳಾದ್ಮೇಲೆ ಬಂದಿದ್ದನ್ನ ನಮ್ಮಮ್ಮೀ ತಿಂಗಳದ್ದು ಅಂತ ಒಪ್ತಾನೇ ಇರ್ಲಿಲ್ಲ. ಡಾಕ್ಟರ್ ಹತ್ರ ಹೋಗು ಅನ್ನೋರು."

ಅಕ್ಕ ತಲೆಯೆತ್ತಿದರು. ಅವರ ಮುಖದಲ್ಲಿ ಹೆದರಿಕೆಗಿಂತ ಮೊದಲು ಕಂಡದ್ದು ಕುತೂಹಲ.

"ನಿಮ್ ದೇವ್ರು ಅದ್ನೆಲ್ಲ ಬ್ಯಾರೆ ಬ್ಯಾರೆ ಮಾಡಿ ನೋಡ್ತಾನಾ?"

"ನೋಡ್ತಾನೆ."

"ನಮ್ ಜಾಡಿ ನೋಡಕಿಲ್ಲ ಕಣವ್ವ" ಎಂದರು ಅಕ್ಕ.

ಆ ದಿನ ಹೆಚ್ಚಿದ ಕಾಯಿ ಹಾಗೇ ಉಳಿಯಿತು. ಮಾರನೆಯ ದಿನ ನಾನು, ಅವರ ಸೊಸೆ ಪುಷ್ಪಾ, ಅಕ್ಕ, ಮೂವರೂ ಆಟೋದಲ್ಲಿ ಹೆಣ್ಣು ಡಾಕ್ಟರೊಬ್ಬರ ಹತ್ತಿರ ಹೋದೆವು. ಪುಷ್ಪಾ ಯಶವಂತಪುರದ ಕಡೆಯ ಗಾರ್ಮೆಂಟ್ಸಿಗೆ ಹೋಗುವವಳು, ಆವತ್ತು ರಜೆ ಹಾಕಿದ್ದಳು. ದಾರಿಯುದ್ದಕ್ಕೂ ಅತ್ತೆ ಸೊಸೆಯ ಕಡೆ ನೋಡಲಿಲ್ಲ. ಡಾಕ್ಟರು ಪರದೆಯ ಹಿಂದೆ ಪರೀಕ್ಷೆ ಮಾಡಿ ಹೊರಬಂದು ಕೈ ತೊಳೆಯುತ್ತಾ ಬಹಳ ಹೊತ್ತು ನಿಂತರು. ಅಲ್ಲಿಂದ ದೊಡ್ಡಾಸ್ಪತ್ರೆಗೆ, ಊರಿನ ಇನ್ನೊಂದು ತುದಿಗೆ. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಸ್ಕ್ಯಾನು ಮಾಡಿದರು. ಗರ್ಭಕೋಶದ ಬಾಯಿಯ ಕ್ಯಾನ್ಸರು, ಮೂರನೆಯ ಹಂತ, ಪಕ್ಕಕ್ಕೂ ಹರಡಿದೆ ಎಂದರು. ಆಪರೇಷನ್ನಿನ ಕಾಲ ಮೀರಿದೆ, ಕರೆಂಟು, ಅಂದರೆ ರೇಡಿಯೇಷನ್, ಕೊಡುತ್ತೇವೆ, ಔಷಧಿಯನ್ನೂ ಏರಿಸುತ್ತೇವೆ, ನೋಡೋಣ ಎಂದರು.

ಪುಷ್ಪಾ ಗೋಡೆಗೆ ಒರಗಿ ಅಳುತ್ತಿದ್ದಳು. ಅಕ್ಕ ಡಾಕ್ಟರನ್ನು ಕೇಳಿದರು: "ಗರ್ಭಕೋಸಕ್ಕೆ ಬಾಯಿ ಬ್ಯಾರೆ ಐತಾ ತಾಯಿ? ಮೂರು ಎತ್ತಿವ್ನಿ, ನಂಗೇ ಗೊತ್ತಿರ್ಲಿಲ್ಲ."

ಆ ಡಾಕ್ಟರು ವಯಸ್ಸಿನಲ್ಲಿ ಸಣ್ಣವರು. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಅಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಮಡಕೆ ಬೋರ್ಲಾಕ್ದಂಗೈತೆ" ಎಂದರು. ಡಾಕ್ಟರಿಗೂ ನಗು ಬಂತು. ಆಮೇಲೆ ಅವರು ಎಲ್ಲ ಡಾಕ್ಟರುಗಳೂ ಕೇಳುವುದನ್ನೇ ಕೇಳಿದರು: "ಇಷ್ಟು ದಿನ ಏನ್ ಮಾಡ್ತಿದ್ರಿ ಅಮ್ಮಾ?"

"ಉಪ್ಪಿನ್ಕಾಯಿ ಆಕುಸ್ತಿದ್ದೆ" ಎಂದರು ಅಕ್ಕ.

ಕರೆಂಟು ಕೊಡಿಸಿಕೊಳ್ಳಲು ದಿನವೂ ಹೋಗಬೇಕಿತ್ತು. ಪುಷ್ಪಾ, ಆಪಾ, ನಾನು ಸರದಿ ಮಾಡಿಕೊಂಡೆವು. ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿಗಳು ನಿಂತಲ್ಲೇ ನಿಂತಿರುವಾಗ ಅಕ್ಕ ಒಂದೊಂದಾಗಿ ಮಾತು ತೆಗೆಯುತ್ತಿದ್ದರು. ವರ್ಷಗಟ್ಟಲೆ ಸಿಗದ ಅಕ್ಕ ನನಗೆ ಆ ಆಟೋಗಳಲ್ಲಿ ಸಿಕ್ಕಿದರು. ಒಂದು ದಿನ ನಾನು ಕೇಳಿಯೇಬಿಟ್ಟೆ: "ಅಕ್ಕಾ, ಕ್ಲಿನಿಕ್ಕಲ್ಲಿ ಆ ಡಾಕ್ಟರಿಗೆ ಯಾಕೆ ಹೇಳಲಿಲ್ಲ?"

"ಆವಪ್ಪ ಕೇಳಿದ್ಕೆಲ್ಲ ಉತ್ರ ಕೊಟ್ಟೆ. ಶುಗರೈತಾ ಅಂದ, ಇಲ್ಲ ಅಂದೆ. ಬಿದ್ದಿದ್ರಾ ಅಂದ, ಇಲ್ಲ ಅಂದೆ. ಅದೊಂದ್ ಕೇಳ್ಲಿಲ್ಲ. ನನ್ ಬಿಳೀ ಕೂದ್ಲು ನೋಡಿ, ಇವಳ್ಗೆಲ್ಲಿ ಅದು ಅಂತ ಬುಟ್ಬುಟ್ಟ. ನಂಗೂ ಬಚಾವಾದೆ ಅನ್ನಿಸ್ತು."

ಸ್ವಲ್ಪ ದೂರ ಹೋದ ಮೇಲೆ ತಾವಾಗಿಯೇ ಹೇಳಿದರು: "ನನ್ ಮೂಗಿಗೆ ಗೊತ್ತಿತ್ತು ಕಣವ್ವ. ಆ ವಾಸ್ನೆ ಮುಟ್ಟಿಂದಲ್ಲ. ಒಳಗೇನೋ ಕೆಟ್ಟೈತೆ ಅಂತ ಮೂಗು ಬಡ್ಕೊಂತು. ನಾನು ಸೋಪು ಆಕಿ ಅದರ ಬಾಯಿ ಮುಚ್ಚಿಸ್ದೆ."

ನಾನು ಅವರ ಕೈ ಹಿಡಿದುಕೊಂಡೆ. ಅವರು ಕೈ ಬಿಡಿಸಿಕೊಂಡು ಆಟೋದವನಿಗೆ, "ಸಿಗ್ನಲ್ ಬಿಡ್ತಲ್ಲಪ್ಪ, ಓಡ್ಸು, ನಿದ್ದೆ ಮಾಡ್ತಾ ಇದೀಯಾ?" ಎಂದು ಗದರಿದರು.

ಚಿಕಿತ್ಸೆ ಶುರುವಾದ ಮೊದಲ ವಾರಗಳಲ್ಲೇ ಒಂದು ಭಾನುವಾರ ನನ್ನನ್ನೂ ಆಪಾನನ್ನೂ ಮನೆಗೆ ಕರೆಸಿದರು. ಹಜಾರದಲ್ಲಿ ಒಂದು ಕುಕ್ಕೆ ನಿಂಬೆಹಣ್ಣು, ಎರಡು ಪುಟ್ಟ ಜಾಡಿ. ರಕ್ತ ಇನ್ನೂ ಪೂರ್ತಿ ನಿಂತಿರಲಿಲ್ಲ. ಹಣ್ಣು ಹೆಚ್ಚಿ, ಉಪ್ಪು ಖಾರ ಬೆರೆಸಿದ ಮೇಲೆ ಅಕ್ಕ ತೋಳು ಮೇಲಕ್ಕೇರಿಸಿದರು.

"ಆಪಾ, ಇದು ಮುಟ್ಟಲ್ಲ ಅಂದೆ ಅಲ್ವಾ? ಅಂಗಾದ್ರೆ ನಾನ್ ಮುಟ್ಟಿದ್ರೆ ಕೆಡಬಾರ್ದು. ನೋಡೇಬುಡವಾ."

ಮೊದಲ ಜಾಡಿಗೆ ಕೈಯಿಟ್ಟು ನಿಧಾನವಾಗಿ ತಿರುವಿದರು. ಅರ್ಧದಲ್ಲೇ ಏದುಸಿರು ಬಂತು, ಆದರೂ ತಳದವರೆಗೆ ಹೋದರು. ಆಮೇಲೆ ಬಾಗಿಲ ಹತ್ತಿರ ನಿಂತಿದ್ದ ಪುಷ್ಪಾಳನ್ನು ಕರೆದರು.

"ಬಾ ಇಲ್ಲಿ. ಇನ್ನೊಂದು ನೀನ್ ಕಲಸು."

"ಅತ್ತೆ, ನಾನಿವತ್ತು..." ಎಂದು ಪುಷ್ಪಾ ನಮ್ಮತ್ತ ನೋಡಿ ದನಿ ತಗ್ಗಿಸಿದಳು. "ನಾನ್ ಆಗಿದ್ದೀನಿ."

"ಗೊತ್ತು. ಅದಕ್ಕೇ ಕರ್ದಿದ್ದು. ನಂದು ಕಾಯಿಲೇದು, ನಿಂದು ತಿಂಗಳದ್ದು. ಎರಡೂ ಇಟ್ಟು ನೋಡವಾ, ಯಾವ್ದು ಕೆಡ್ತದೆ ಅಂತ."

"ಕೆಟ್ರೆ?"

"ಕೆಟ್ರೆ ನಿಂಬೆಅಣ್ಣು ಓಯ್ತು. ನಿನ್ ಕೈ ಏನ್ ಓಗಕಿಲ್ವಲ್ಲ!"

ಪುಷ್ಪಾ ಕಣ್ಣುಮುಚ್ಚಿ ಕೈ ಹಾಕಿದಳು, ಬಾವಿಗೆ ಇಳಿಯುವವಳ ಹಾಗೆ. ಆಪಾ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗುತ್ತಿದ್ದರು. ಎರಡು ಜಾಡಿಗೂ ಬಟ್ಟೆ ಕಟ್ಟಿ, ಪುಷ್ಪಾಳದಕ್ಕೆ ಕೆಂಪು ದಾರ, ತಮ್ಮದಕ್ಕೆ ಬಿಳಿ ದಾರ ಸುತ್ತಿ ಕಿಟಕಿಯಲ್ಲಿಟ್ಟರು. ಆಮೇಲೆ ನಾನು ಅವರ ಮನೆಗೆ ಹೋದಾಗಲೆಲ್ಲ ನೋಡುತ್ತಿದ್ದೆ. ಅವರು ನೋವಿನ ಮಾತ್ರೆ ನುಂಗಿ, ಗೋಡೆ ಹಿಡಿದು ಕಿಟಕಿಯವರೆಗೆ ನಡೆದು, ಬಟ್ಟೆಯ ಮೇಲಿನಿಂದಲೇ ಮೂಸಿ ಬರುತ್ತಿದ್ದರು. ಅವರ ಮಗನಿಗೆ ಅದು ಹುಚ್ಚು ಅನಿಸುತ್ತಿತ್ತು. ನನಗೆ ಅವರಿಗಿಂತ ಹೆಚ್ಚು ಕಾತರವಿತ್ತು ಎಂದರೆ ಸುಳ್ಳಲ್ಲ. ವಾರಗಳು ಕಳೆದವು. ಎರಡೂ ಕೆಡಲಿಲ್ಲ. ಕೆಂಪು ದಾರದ್ದಕ್ಕೆ ಉಪ್ಪು ಒಂದು ಕಣ ಹೆಚ್ಚಾಗಿತ್ತು, ಅಷ್ಟೇ.

"ನಮ್ಮತ್ತೆ ಇದ್ದಿದ್ರೆ ತೋರುಸ್ಬೋದಿತ್ತು" ಎಂದರು ಅಕ್ಕ. ಆಮೇಲೆ, "ತೋರ್ಸಿದ್ರೂ ನಂಬ್ತಿರ್ಲಿಲ್ಲ ಬುಡು."

ಕರೆಂಟು ಮುಗಿದ ಮೇಲೆ ಕೆಲವು ತಿಂಗಳು ಅವರು ಚೆನ್ನಾಗಿಯೇ ಇದ್ದರು. ಮೈ ಕೊಂಚ ತುಂಬಿತು. ಚಳಿಗಾಲಕ್ಕೆ ಮತ್ತೆ ಕಾಲು ಊದಿಕೊಂಡಿತು, ಸ್ಕ್ಯಾನಿನಲ್ಲಿ ಮತ್ತೆ ಕಂಡಿತು. ಈ ಸಲ ಡಾಕ್ಟರು ನೋವು ಕಡಿಮೆ ಮಾಡುವ ಮಾತನ್ನಷ್ಟೇ ಆಡಿದರು. ಅಕ್ಕನಿಗೆ ಅರ್ಥವಾಯಿತು. ಆವತ್ತಿನಿಂದ ಅವರಿಗೆ ಉಳಿದದ್ದು ಒಂದೇ ಹಟ, ಪುಷ್ಪಾ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮೂವತ್ತು ದಾಟಿದವರೆಲ್ಲ ಮಾಡಿಸಿಕೊಳ್ಳಬೇಕು ಎಂದು ಆ ಚಿಕ್ಕ ಡಾಕ್ಟರು ಹೇಳಿದ್ದರು. ಪುಷ್ಪಾ ಗಾರ್ಮೆಂಟ್ಸಲ್ಲಿ ರಜೆ ಸಿಗಲ್ಲ ಎನ್ನುತ್ತಿದ್ದಳು, ಮುಂದಿನ ತಿಂಗಳು ಎನ್ನುತ್ತಿದ್ದಳು.

"ನಂಗೇನಾಗಿದೆ ಅತ್ತೆ, ಚೆನ್ನಾಗೇ ಇದ್ದೀನಲ್ಲ!"

"ನಂಗೂ ಏನೂ ಆಗಿರ್ಲಿಲ್ಲ ಕಣಮ್ಮಿ. ಅದೇ ಕಾಯಿಲೆ."

ಕೊನೆಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಹೆಂಗಸರ ತಪಾಸಣೆ ಇದೆ ಎಂದು ಆಶಾ ಕಾರ್ಯಕರ್ತೆ ಮನೆಮನೆಗೆ ಹೇಳಿಹೋದಳು. ಆ ಬೆಳಿಗ್ಗೆ ಅಕ್ಕ ತಾವೇ ಸೀರೆ ಬದಲಾಯಿಸಿ ಬಾಗಿಲಲ್ಲಿ ಕೂತರು. ನೀನು ಬರದಿದ್ದರೆ ನಾನೊಬ್ಬಳೇ ನಡೆದುಕೊಂಡು ಹೋಗುತ್ತೇನೆ ಎಂದರಂತೆ. ನಡೆಯುವ ಸ್ಥಿತಿಯಲ್ಲಿ ಅವರಿರಲಿಲ್ಲ. ಪುಷ್ಪಾ ಬೈದುಕೊಳ್ಳುತ್ತಲೇ ಆಟೋ ತಂದಳು. ಅಕ್ಕನನ್ನು ಹಿಡಿದುಕೊಳ್ಳಲು ನಾನೂ ಹೋದೆ.

ಅಲ್ಲಿ ಬೆಂಚುಗಳ ಮೇಲೆ ಹದಿನೈದಿಪ್ಪತ್ತು 'ನಾಳೆ ಬರೋಣ' ಎನ್ನುವ ಮುಖಗಳು. ಪರದೆ ಕಟ್ಟಿದ ಕೋಣೆಯಿಂದ ಸಿಸ್ಟರು ಒಂದು ಟ್ರೇ ಹಿಡಿದು ಹೊರಬಂದರು. ಅಕ್ಕ ತಡೆದರು.

"ಆ ಬಟ್ಲಲ್ಲಿ ಏನವ್ವ ಅದು?"

"ಅಸಿಟಿಕ್ ಆಸಿಡ್ ಅಜ್ಜಿ."

ಆಸಿಡ್ ಎಂದದ್ದೇ ತಡ, ಬೆಂಚಿನಲ್ಲಿದ್ದ ಮೂವರು ಚೀಲ ಎತ್ತಿಕೊಂಡು ನಿಂತರು. ಸಿಸ್ಟರಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. "ಅಯ್ಯೋ ಕೂತ್ಕೊಳ್ರೀ! ವಿನಿಗರ್ ಕಣ್ರೀ ಅದು, ವಿನಿಗರ್! ಗೋಬಿ ಮಂಚೂರಿಗೆ ಹಾಕಲ್ವಾ? ಅದೇ, ನೀರು ಬೆರೆಸಿರೋದು."

"ಅದ್ನ ಏನ್ ಮಾಡ್ತೀರಿ?" ಅಕ್ಕ ಬಿಡಲಿಲ್ಲ.

"ಹತ್ತೀಲಿ ಅದ್ದಿ ಗರ್ಭಕೋಶದ ಬಾಯಿಗೆ ಹಚ್ತೀವಿ. ಒಂದು ನಿಮಿಷ ಬಿಟ್ಟು ನೋಡ್ತೀವಿ. ಎಲ್ಲಾದ್ರೂ ಹೆಚ್ಚುಕಮ್ಮಿ ಇದ್ರೆ ಆ ಜಾಗ ಬೆಳ್ಳಗೆ ಕಾಣ್ಸುತ್ತೆ. ಕಾಣಿಸಿದ್ರೆ ದೊಡ್ಡಾಸ್ಪತ್ರೆಗೆ ಕಳಿಸ್ತೀವಿ."

"ನೋವು ಗೀವು ಏನೂ ಇಲ್ದಿದ್ರೂ ಕಾಣಿಸ್ತದಾ?"

"ನೋವು ಬರೋಕ್ ಮುಂಚೇನೇ ಅಜ್ಜಿ. ಎಷ್ಟೋ ವರ್ಷ ಮುಂಚೇನೇ. ಅದಕ್ಕೇ ಅಲ್ವಾ ಕರೆಯೋದು."

"ಇಷ್ಟೇನಾ" ಎಂದರು ಅಕ್ಕ.

ಸಿಸ್ಟರಿಗೆ ಅವರ ಕಾಯಿಲೆ ಗೊತ್ತಿರಲಿಲ್ಲ. "ಇಷ್ಟೇ" ಎಂದು ಒಳಗೆ ಹೋದರು. ಅಕ್ಕ ಪರದೆಯನ್ನೇ ನೋಡುತ್ತಾ ಕೂತರು. ಆಮೇಲೆ ಅವರು ಚೀಲ ಹಿಡಿದು ನಿಂತಿದ್ದ ಹೆಂಗಸರ ಕಡೆ ತಿರುಗಿದರು. "ಕೂತ್ಕಳ್ರೇ, ಎಲ್ಗೋಗ್ತೀರಿ? ಗೋಬಿಗಾಕೋ ಉಳಿಗೆ ಎದ್ರಿ ಓಡೋಗ್ತಾರಾ ಯಾರಾದ್ರೂ?" ಒಬ್ಬಳು ಕಿಸಕ್ಕನೆ ನಕ್ಕು ಕೂತಳು. ಇನ್ನಿಬ್ಬರೂ ಕೂತರು.

ಪುಷ್ಪಾಳ ಹೆಸರು ಕೂಗಿದರು. ಅವಳು ಒಳಗಿದ್ದಷ್ಟು ಹೊತ್ತೂ ಅಕ್ಕ ನನ್ನ ಮಣಿಕಟ್ಟನ್ನು ಹಿಡಿದುಕೊಂಡೇ ಇದ್ದರು. ಅಷ್ಟು ಸೊರಗಿದ ಕೈಯಲ್ಲಿ ಅಷ್ಟು ಬಿಗಿ ಎಲ್ಲಿಂದ ಬಂತೋ. ಪರದೆ ಸರಿಯಿತು. ಪುಷ್ಪಾ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಾ ಬಂದಳು.

"ಏನಂದ್ರು?"

"ಬೆಳ್ಳಗೇನೂ ಆಗ್ಲಿಲ್ವಂತೆ ಅತ್ತೆ. ಎಲ್ಲಾ ಸರಿಯಾಗೈತಂತೆ."

ಅಕ್ಕನ ಹಿಡಿತ ಸಡಿಲಾಯಿತು. "ಮತ್ತೆ ಯಾವಾಗ್ ಬರ್ಬೇಕಂತೆ?"

"ಐದು ವರ್ಷ ಬಿಟ್ಟು."

ಅಕ್ಕ ಸುಮ್ಮನೆ ತಲೆಯಾಡಿಸಿದರು. ಆಮೇಲೆ ಅವರು ನನ್ನ ಕಡೆ ತಿರುಗಿ, "ಆವಾಗ ನೀನ್ ಕರ್ಕೊಂಡ್ ಬಾರವ್ವ ಇವಳ್ನ. ಇವಳು ನೆಪ ಯೋಳ್ತಾಳೆ" ಎಂದರು.

"ಬರ್ತೀನಿ ಅಕ್ಕಾ."

"ಅದಿರ್ಲಿ, ನಿಂದಾಯ್ತಾ?"

ನಾನು ಅವರನ್ನು ಹಿಡಿದುಕೊಳ್ಳಲು ಬಂದವಳು ಎಂದೆ. ನನಗೆ ಏನೂ ತೊಂದರೆ ಇಲ್ಲ ಎನ್ನಲು ಬಾಯಿ ತೆರೆದೆ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. ಚೀಲವನ್ನು ಅವರ ಮಡಿಲಲ್ಲಿಟ್ಟು, ಚಪ್ಪಲಿ ಬೆಂಚಿನ ಕೆಳಗೆ ಬಿಟ್ಟು, ನಾನು ಪರದೆಯ ಕಡೆ ನಡೆದೆ.